ಒಲೆ ಉರಿಯಲಿ, ಅಡುಗೆ ಮಾತ್ರ ಬೇಡ ಎಂದವರಿಗೆ

ಸಂರಕ್ಷಿತ ಪ್ರದೇಶಗಳ ನಿರ್ದೇಶಕರಿಗೆ

ಮಾನ್ಯರೇ,

ಬರುವ ತಿಂಗಳ ಮೊದಲ ಹಡಗಿನಲ್ಲಿ ನಿಮ್ಮ ಕಚೇರಿಯವರು ಕೆರುಮಾ ದ್ವೀಪಕ್ಕೆ ಬಂದು ನನ್ನ ಅಜ್ಜಿ ಡಾರ್ಕಸಳ ಅಡುಗೆಮನೆಯನ್ನೂ ಅದಕ್ಕೆ ಹೊಂದಿಕೊಂಡಿರುವ ಅವಳು ಮಲಗುವ ಮನೆಯನ್ನೂ ವಶಕ್ಕೆ ತೆಗೆದುಕೊಳ್ಳುತ್ತಾರೆ ಎಂದು ನಿಮ್ಮ ಆದೇಶ ಹೇಳುತ್ತದೆ. ಕಾರಣವನ್ನೂ ಅದರಲ್ಲೇ ಕೊಟ್ಟಿದ್ದೀರಿ: ಆ ಅಡುಗೆಮನೆ 'ದ್ವೀಪದಲ್ಲಿ ಉಳಿದಿರುವ ಏಕೈಕ ಯಶಸ್ವಿ ಸಂತಾನಾಭಿವೃದ್ಧಿ ಸ್ಥಳ'ವಂತೆ. ಓದುವವರು ಗಾಬರಿಯಾಗಬಾರದು. ಅಜ್ಜಿಗೆ ಎಪ್ಪತ್ತು ದಾಟಿದೆ. ಸಂತಾನ ಮರಳುಕೋಳಿಯದು.

ಇದೇ ವಿಷಯವನ್ನು ನಿಮಗೆ ಮೂರು ಸಲ ಬರೆದಿದ್ದೇನೆ. ಮೂರು ಸಲವೂ 'ಪ್ರಕೃತಿಯ ಬಗೆಗಿನ ನಿಮ್ಮ ಆಸಕ್ತಿಗೆ ಧನ್ಯವಾದಗಳು' ಎಂಬ ಉತ್ತರ ಬಂತು, ಜೊತೆಗೊಂದು ಕ್ಯಾಲೆಂಡರು. ಈಗ ನಮ್ಮ ಮನೆಯಲ್ಲಿ ಒಂದೇ ವರ್ಷದ ಮೂರು ಕ್ಯಾಲೆಂಡರುಗಳಿವೆ. ಹಡಗು ಬರುವ ದಿನ ಮೂರರಲ್ಲೂ ಒಂದೇ. ಆದ್ದರಿಂದ ನಾಲ್ಕನೆಯ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ, ಒಂದು ಪ್ರತಿಯನ್ನು ಹಡಗುಕಟ್ಟೆಯ ಗೋಡೆಗೂ ಅಂಟಿಸಿದ್ದೇನೆ. ಊರಿನವರಾದರೂ ಓದಲಿ. ನೀವೂ ಓದಿದರೆ ಅದು ಹೆಚ್ಚುವರಿ ಲಾಭ.

ಆ ಕ್ಯಾಲೆಂಡರಿನ ಚಿತ್ರದಿಂದಲೇ ಶುರುಮಾಡುತ್ತೇನೆ. ಅದರಲ್ಲಿ ಮರಳುಕೋಳಿ ಗೂಡಿನಲ್ಲಿ ಕೂತು ಮೊಟ್ಟೆಗೆ ಕಾವು ಕೊಡುತ್ತಿದೆ. ಕೆಳಗೆ 'ತಾಯಿಗೆ ತೊಂದರೆ ಕೊಡಬೇಡಿ' ಎಂದು ಬರೆದಿದೆ. ಮಾನ್ಯರೇ, ಮರಳುಕೋಳಿ ತನ್ನ ಜನ್ಮದಲ್ಲಿ ಕಾವಿಗೆ ಕೂತದ್ದಿಲ್ಲ. ಅದಕ್ಕೆ ಗೂಡೇ ಇಲ್ಲ. ಬೆಳಕು ಹರಿಯುವಾಗ ಕಾಡಿನಿಂದ ಇಳಿದು ಬರುತ್ತದೆ. ಬೆಂಕಿಬೆಟ್ಟದ ಬುಡದಲ್ಲಿ, ನೆಲದೊಳಗಿನ ಶಾಖಕ್ಕೆ ಸದಾ ಬೆಚ್ಚಗಿರುವ ಮರಳಿನಲ್ಲಿ ತೋಳುದ್ದದ ಗುಂಡಿ ತೋಡುತ್ತದೆ. ಒಂದು ಮೊಟ್ಟೆ ಇಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ಹೋಗುತ್ತದೆ. ಏಳೆಂಟು ವಾರದ ಮೇಲೆ ಮರಿ ತಾನೇ ಮರಳು ಕೆದರಿಕೊಂಡು ಮೇಲೆ ಬಂದು ಅವತ್ತೇ ಹಾರುತ್ತದೆ. ತನ್ನ ತಾಯಿ ಯಾರೆಂದು ಅದಕ್ಕೂ ಗೊತ್ತಿಲ್ಲ. ಇಂಥ ತಾಯಿಗೆ ತೊಂದರೆ ಕೊಡಬೇಕೆಂದರೂ ಅವಳನ್ನು ಎಲ್ಲಿ ಹುಡುಕುವುದು?

ನಾನು ಶಾಲೆ ಬಿಟ್ಟದ್ದೂ ಈ ಹಕ್ಕಿಯ ದೆಸೆಯಿಂದಲೇ. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ 'ಎಲ್ಲ ಹಕ್ಕಿಗಳೂ ಕಾವು ಕೊಟ್ಟು ಮರಿ ಮಾಡುತ್ತವೆ, ಸರಿಯೋ ತಪ್ಪೋ' ಎಂದು ಕೇಳಿದ್ದರು. ತಪ್ಪು ಎಂದು ಬರೆದೆ. ಅದಕ್ಕೆ ಸೊನ್ನೆ ಕೊಟ್ಟರು. ಮೇಷ್ಟ್ರು ಬೇರೆ ದ್ವೀಪದವರು. ಕಿಟಕಿಯಾಚೆ ಅದೇ ಹಕ್ಕಿ ಮರಳು ಕೆದರುತ್ತಿತ್ತು, ತೋರಿಸಿದೆ. "ಪುಸ್ತಕ ನೋಡಿ ಬರಿ. ಕಿಟಕಿ ನೋಡಿ ಬರೀಬೇಡ" ಎಂದರು. ನಾನು ಕಿಟಕಿಯಿಂದಲೇ ಹೊರಗೆ ಹೋದೆ, ಮತ್ತೆ ಒಳಗೆ ಬರಲಿಲ್ಲ. ಅದೇ ಪುಸ್ತಕ ಓದಿ ಪಾಸಾದವರು ನಿಮ್ಮ ಕಚೇರಿಯಲ್ಲಿ ಕ್ಯಾಲೆಂಡರು ಮಾಡುತ್ತಿದ್ದಾರೆ ಎಂದು ಈಗ ಗೊತ್ತಾಗಿದೆ.

ಮೊಟ್ಟೆಯ ಹೊಲ ನಮ್ಮಲ್ಲಿ ಯಾರ ಕಾಲದ್ದೆಂದು ಯಾರಿಗೂ ತಿಳಿಯದು. ಕಡ್ಡಿಬೇಲಿ ಹಾಕಿ ಮನೆಗೊಂದು ತುಂಡು ಮಾಡಿಕೊಂಡಿದ್ದೇವೆ. ಅದು ತಾಯಿಯಿಂದ ಮಗಳಿಗೆ ಬರುತ್ತದೆ. ದೋಣಿಗೆ ಎಂಜಿನ್ ಇರುವವರು ಹೊರಗಡಲಿಗೆ ಹೋಗಿ ಮೀನು ತರುತ್ತಾರೆ, ತೆಂಗಿನ ತೋಟ ಇರುವವರು ಕೊಬ್ಬರಿ ಒಣಗಿಸುತ್ತಾರೆ. ಎರಡೂ ಇಲ್ಲದ ಅಜ್ಜಿಯಂಥವರಿಗೆ ಇದ್ದದ್ದು ಆ ಮರಳು. ಮೊಟ್ಟೆಯನ್ನು ಬುಟ್ಟಿಯಲ್ಲಿಟ್ಟು ಪೇಟೆಯ ಸಂತೆಗೆ ಕಳಿಸಿದರೆ ಅಕ್ಕಿ, ಸಾಬೂನು, ಸೀಮೆಎಣ್ಣೆ ಬರುತ್ತಿತ್ತು. ತೋಡುವವರು ಬೋರಲು ಮಲಗಿ ತಲೆ, ಹೆಗಲು ಎಲ್ಲವನ್ನೂ ಗುಂಡಿಯೊಳಗೆ ಇಳಿಸಬೇಕು. ಮರಳು ಕುಸಿದರೆ ಅಲ್ಲೇ ಕತೆ ಮುಗಿಯಿತು. ಅದಕ್ಕೇ ಒಬ್ಬರು ತೋಡುವಾಗ ಇನ್ನೊಬ್ಬರು ಹಿಂದೆ ಕೂತು ಕಣಕಾಲು ಹಿಡಿದುಕೊಳ್ಳಬೇಕು. ಕಣಕಾಲು ಹಿಡಿಯಲು ಜನವಿಲ್ಲದ ಮನೆಗೆ ಪಕ್ಕದ ಮನೆಯವರು ಬರುತ್ತಾರೆ, ಜಗಳವಾಡಿ ಮಾತು ಬಿಟ್ಟಿದ್ದರೂ ಬರುತ್ತಾರೆ. ಮೂರು ಗುಂಡಿಗೆ ಒಂದನ್ನು ಮುಟ್ಟದೆ, ಗುರುತಿಗೊಂದು ಎಲೆ ಚುಚ್ಚಿ ಮರಿಯಾಗಲು ಬಿಡುತ್ತೇವೆ. ಮಧ್ಯಾಹ್ನ ಎಲ್ಲರೂ ಪೊರಕೆ ಹಿಡಿದು ಕಸ, ಬಳ್ಳಿ, ಬೇರು ತೆಗೆದು ಮರಳನ್ನು ಸಡಿಲ ಮಾಡುತ್ತೇವೆ, ಏಕೆಂದರೆ ಹುಲ್ಲು ಬೆಳೆದ ನೆಲದಲ್ಲಿ ಮರಳುಕೋಳಿ ಕಾಲಿಡುವುದಿಲ್ಲ. ಇದಿಷ್ಟು ನಿಮ್ಮ ಪುಸ್ತಕದಲ್ಲಿ ಇಲ್ಲ.

ಎರಡು ವರ್ಷದ ಹಿಂದೆ ನೀವು ಆ ಹೊಲದಲ್ಲಿ ಫಲಕ ನೆಟ್ಟಿರಿ, ಯಾರೂ ಒಳಗೆ ಕಾಲಿಡಬಾರದೆಂದು ಸುತ್ತ ಹಗ್ಗ ಕಟ್ಟಿದಿರಿ. ಹಕ್ಕಿಗಳು ಕಡಿಮೆಯಾಗುತ್ತಿವೆ ಎಂದಿರಿ. ಅದು ಸುಳ್ಳಲ್ಲ, ನಾನು ಸುಳ್ಳೆನ್ನುವುದಿಲ್ಲ. ನಮ್ಮಲ್ಲೂ ಕೆಲವರು ಮೂರನೇ ಗುಂಡಿಯ ಎಲೆ ಕಿತ್ತು ತೋಡುತ್ತಿದ್ದರು. ಯಾರು ಎಂದು ಕೇಳಿದ್ದರೆ ಹೇಳುತ್ತಿದ್ದೆ, ನೀವು ಕೇಳಲಿಲ್ಲ. ಕಳ್ಳರನ್ನು ಹೊರಗಿಡುವ ಬದಲು ಪೊರಕೆಯವರನ್ನೂ ಹೊರಗಿಟ್ಟಿರಿ. ಹೊಟ್ಟೆಪಾಡಿಗೆ ಏನು ಮಾಡಬೇಕೆಂದು ಹೆಂಗಸರು ಕೇಳಿದಾಗ 'ಪರ್ಯಾಯ ಜೀವನೋಪಾಯ'ದ ತರಬೇತಿ ಕೊಟ್ಟಿರಿ: ಎರಡು ದಿನ ಉಣ್ಣೆಯಲ್ಲಿ ಮರಳುಕೋಳಿ ಬೊಂಬೆ ಹೆಣೆಯುವುದು. ಅಜ್ಜಿ ಹೆಣೆದ ಬೊಂಬೆಯಲ್ಲಿ ತಲೆ ಇರಲಿಲ್ಲ, ಬಾಲ ಮಾತ್ರ ಮೇಲಕ್ಕೆ ನಿಂತಿತ್ತು. ಕಲಿಸಲು ಬಂದಾಕೆ ತಲೆ ಎಲ್ಲಿ ಎಂದರು. "ಗುಂಡೀಲಿದೆ. ಮೊಟ್ಟೆ ಇಡೋವಾಗ ಇದು ಕಾಣೋದೇ ಹಿಂಗೆ" ಎಂದಳು ಅಜ್ಜಿ. ಪ್ರವಾಸಿಗರು ಬಾಲ ಕೊಳ್ಳುವುದಿಲ್ಲ ಎಂದು ಆಕೆ ಅದನ್ನು ಬಿಚ್ಚಿಸಿ, ಕಾವಿಗೆ ಕೂರಿಸಿ, ಹೊಸದಾಗಿ ಹೆಣೆಸಿದರು. ಅಂಥ ಹನ್ನೆರಡು ಬೊಂಬೆಗಳು ಇಂದಿಗೂ ನಮ್ಮ ಅಟ್ಟದ ಮೇಲೆ ಕಾವಿಗೆ ಕೂತಿವೆ. ಪ್ರವಾಸಿಗರು ಕಾವನ್ನೂ ಕೊಳ್ಳಲಿಲ್ಲ.

ಎರಡು ಮಳೆಗಾಲಕ್ಕೆ ಹೊಲದಲ್ಲಿ ಸೊಂಟದೆತ್ತರ ಹುಲ್ಲು. ಹಕ್ಕಿಗಳು ಬಂದವು, ಫಲಕದ ಮೇಲೆ ಕೂತು ನೋಡಿದವು, ನಿಮ್ಮ ನಿಯಮ ಓದಿದವರ ಹಾಗೆ ಹೊರಗೇ ಉಳಿದವು. ಆಮೇಲೆ ಊರೊಳಗೆ ಇಳಿದವು. ಮೊದಲು ಫುಟ್‌ಬಾಲ್ ಅಂಗಳದ ಗೋಲಿನ ಮುಂದೆ ತೋಡಿದವು. ಆಮೇಲೆ ಆಗಷ್ಟೇ ಮಣ್ಣು ಮುಚ್ಚಿದ ಒಂದು ಸಮಾಧಿಯಲ್ಲಿ. ಕೊನೆಗೆ ಒಂದು ಹಕ್ಕಿ ನಮ್ಮ ಅಡುಗೆಮನೆಯ ಓಲೆಗೋಡೆ ಸೀಳಿಕೊಂಡು ಒಳಗೆ ಬಂದು, ಕಲ್ಲೊಲೆಯ ಪಕ್ಕದ ಬೆಚ್ಚನೆಯ ಮರಳಿನಲ್ಲಿ ಮೊಟ್ಟೆ ಇಟ್ಟಿತು. ಅಜ್ಜಿ ಅಲ್ಲೇ ಮೀನು ಸುಡುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಂತಮ್ಮ ಕೆಲಸ ಮುಗಿಸಿದರಂತೆ.

ಇಲ್ಲಿಂದ ಮುಂದಿನದು ನನ್ನ ತಪ್ಪು. ನಿಮ್ಮ ಫಲಕದಲ್ಲಿ 'ದ್ವೀಪದ ಯಾವುದೇ ಭಾಗದಲ್ಲಿ ಮೊಟ್ಟೆ ಕಂಡವರು ತಿಳಿಸತಕ್ಕದ್ದು' ಎಂದಿತ್ತು. ಫುಟ್‌ಬಾಲ್ ಆಡುವವರಿಗೂ ಕಂಡಿತ್ತು, ಸಮಾಧಿಗೆ ಹೂವಿಡಲು ಹೋದವರಿಗೂ ಕಂಡಿತ್ತು. ಅವರು ಅದನ್ನು ಹೇಗೆ ತಿಳಿಸಿದರು ಎಂದು ಆ ದಿನಗಳಲ್ಲಿ ಊರಿನಲ್ಲೆಲ್ಲ ಬರುತ್ತಿದ್ದ ಹುರಿದ ವಾಸನೆಯಿಂದ ನೀವು ಊಹಿಸಬಹುದು. ನಾನೊಬ್ಬ ಕಾಗದದಲ್ಲಿ ತಿಳಿಸಿದೆ. ಯಾಕೆ ಎಂದು ಕೇಳಬೇಡಿ. ಕಂಡದ್ದನ್ನು ಹೇಳದೆ ಕೂರಲು ನನಗೆ ಬರುವುದಿಲ್ಲ, ಸೊನ್ನೆ ಸಿಕ್ಕಿದರೂ ಬರುವುದಿಲ್ಲ.

ನಾಲ್ಕನೇ ದಿನ ನಿಮ್ಮ ಕಾವಲುಗಾರ ಹಳದಿ ಪಟ್ಟಿ ಹಿಡಿದು ಬಂದರು. ಪತ್ರದಲ್ಲಿ ತಮ್ಮ ಹೆಸರು ಬರೆಯಬೇಡ ಎಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ದ್ವೀಪಕ್ಕೆ ಇರುವುದು ಒಬ್ಬರೇ ಕಾವಲುಗಾರ, ಅವರು ನನ್ನ ಸೋದರಮಾವ, ಅಂದರೆ ಅಜ್ಜಿಯ ಸ್ವಂತ ಮಗ.

"ಅವ್ವಾ, ಹೊರಗೆ ಬಾ. ಇದು ಇವತ್ತಿಂದ ಒಳವಲಯ."

"ಯಾವುದರ ಒಳಗೋ?"

"ವಲಯ ಅಂತ. ಮರಿ ಹೊರಗೆ ಬರೋ ತನಕ ಹತ್ತು ಮೀಟರ್ ಸುತ್ತ ಯಾರೂ ಇರೋ ಹಾಗಿಲ್ಲ."

"ಹತ್ತು ಮೀಟರ್ ಅಂದ್ರೆ ಎಲ್ಲೀತನಕ?"

ಮಾವ ಅಳೆದರು. ಅಡುಗೆಮನೆ ಪೂರ್ತಿ, ಹಂದಿಗೂಡು ಪೂರ್ತಿ, ಅಜ್ಜಿಯ ಹಾಸಿಗೆ ಅರ್ಧ.

"ಹಾಸಿಗೇಲಿ ತಲೆ ಕಡೆ ಒಳಗಿದೆ ಅವ್ವಾ. ಕಾಲು ಕಡೆ ಹೊರಗಿದೆ."

"ಹಂಗಾದ್ರೆ ತಿರುಗಿ ಮಲಗ್ತೀನಿ ಬಿಡು."

"ಆಗ ಕಾಲು ಒಳಗೆ ಬರ್ತದಲ್ಲ."

"ಕಾಲಿಗೆ ಕಣ್ಣಿದೆಯೇನೋ, ಮೊಟ್ಟೆ ನೋಡೋಕೆ? ನಿನ್ನ ಹೆತ್ತಿದ್ದೂ ಇದೇ ಮನೇಲಿ ಕಣೋ. ಆಗ ಯಾರೂ ಪಟ್ಟಿ ಕಟ್ಟಲಿಲ್ಲ."

ಮಾವ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಟೋಪಿ ಸರಿಮಾಡಿಕೊಂಡು ಹೋದರು. ಹೋಗುವಾಗ ನನ್ನ ಕಡೆ ನೋಡಿ, "ಇನ್ನೊಂದು ಸಲ ಏನಾದರೂ ಕಂಡರೆ ಕಣ್ಣು ಮುಚ್ಕೋ" ಎಂದರು.

ಒಲೆ ಆರಿತು. ಒಲೆ ಆರಿದರೆ ಮರಳೂ ಆರುತ್ತದೆ ಎಂದು ನಿಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮುಂದಿನ ವಾರ ನಿಮ್ಮ ಸಮೀಕ್ಷಕಿ ಬಂದು ಮರಳಿಗೆ ಉಷ್ಣಮಾಪಕ ಚುಚ್ಚಿ, ಮುಖ ಬಿಳಿಚಿಕೊಂಡು, "ಬೆಂಕಿ ಯಾಕೆ ಆರಿಸಿದ್ರಿ?" ಎಂದು ಕೇಳಿದರು. "ನೀವೇ ಹೊರಗೆ ಹಾಕಿದ್ರಲ್ಲ ತಾಯಿ" ಎಂದಳು ಅಜ್ಜಿ. ಸಮೀಕ್ಷಕಿ ಗುಡ್ಡ ಹತ್ತಿ ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡಿ ಬಂದರು. ಹೊಸ ಆದೇಶ ಹುಟ್ಟಿತು. ದಿನಕ್ಕೆ ಮೂರು ಸಲ ಅಜ್ಜಿ ವಲಯದೊಳಗೆ ಹೋಗಿ ಒಲೆ ಉರಿಸಬೇಕು. ಅದು ಶಾಖ ಸಂರಕ್ಷಣೆ. ಪಾತ್ರೆ ಇಡಬಾರದು. ಅದು ಅಡುಗೆ ಚಟುವಟಿಕೆ.

"ಪಾತ್ರೆ ಯಾಕೆ ಇಡಬಾರದು?"

"ಅಡುಗೆ ವಾಸನೆಗೆ ಹಕ್ಕಿ ಬೆದರುತ್ತೆ ಅಜ್ಜಿ."

"ಅದು ಬಂದಿದ್ದೇ ನಾನು ಮೀನು ಸುಡ್ತಿದ್ದಾಗ."

"ಅದನ್ನ ನಾನು ಬರ್ಕೊಳ್ಳಕ್ಕಾಗಲ್ಲ. ನನ್ನ ನಮೂನೆಯಲ್ಲಿ ಮೀನಿಗೆ ಜಾಗ ಇಲ್ಲ."

ಮಾನ್ಯರೇ, ಆ ಮೊಟ್ಟೆಗಾಗಿ ನನ್ನ ಅಜ್ಜಿ ಆರು ವಾರ ಖಾಲಿ ಒಲೆ ಉರಿಸಿದಳು. ಸೌದೆ ತರುವ ಕಾಡನ್ನೂ ನೀವು ಸಂರಕ್ಷಿಸಿದ್ದರಿಂದ, ಅದನ್ನು ಕಾಯಬೇಕಾದ ಕಾವಲುಗಾರರೇ ದಿನಕ್ಕೊಂದು ಹೊರೆ ಹೊತ್ತು ತಂದು ಹಾಕಿದರು. ನಾವು ಊಟ ಮಾಡುತ್ತಿದ್ದದ್ದು ಪಕ್ಕದ ಮನೆಯಲ್ಲಿ. ಆ ಮನೆಯ ಯಜಮಾನಿ ದಿನವೂ, "ನಿಮ್ಮನೇಲಿ ಹೊಗೆ, ನಮ್ಮನೇಲಿ ಊಟ" ಎಂದು ತಟ್ಟೆ ಕುಕ್ಕಿ ಇಡುತ್ತಿದ್ದರು. ಬೆಂಕಿಯ ಸಮಯವನ್ನು ಬರೆದಿಡಲು ಸಮೀಕ್ಷಕಿ ಒಂದು ವಹಿ ಕೊಟ್ಟಿದ್ದರು. ಓದುಬರಹ ಬಲ್ಲವನೆಂದು ಆ ಕೆಲಸ ನನಗೆ ಬಂತು. ಮೂರನೇ ವಾರ ಅಜ್ಜಿ ತಡೆಯಲಾರದೆ ಬೂದಿಯಲ್ಲಿ ಒಂದು ಗೆಣಸು ಹುದುಗಿಸಿದಳು.

"ಇದನ್ನ ಬರೀಬೇಡ್ವೋ ಜೋತಾಮ್."

"ಬೆಂದಿತಾ ಅಜ್ಜಿ?"

"ಬೆಂತು."

"ಹಂಗಾದ್ರೆ ಬರೀಬೇಕು."

ಬರೆದೆ: 'ಸಂಜೆ, ಶಾಖ ಸಂರಕ್ಷಣೆ, ಒಂದು ಗೆಣಸು.' ತಿಂಗಳೊಳಗೆ ಎಚ್ಚರಿಕೆ ಪತ್ರ ಬಂತು. ಅಜ್ಜಿ ಅದನ್ನು ಓದಿಸಿ ಕೇಳಿ, "ಅರ್ಧ ನೀನೂ ತಿಂದೆ ಅಂತ ಬರ್ದಿದ್ದೀಯಾ?" ಎಂದಳು. ಅದನ್ನೂ ಬರೆದಿದ್ದೆ. ಎಚ್ಚರಿಕೆ ಇಬ್ಬರಿಗೂ ಬಂದಿತ್ತು.

ಮರಿ ಬಂತು. ಮಧ್ಯಾಹ್ನದ ಬೆಂಕಿ ಹಚ್ಚುವಾಗ ಮರಳು ಅಲುಗಾಡಿ, ಒದ್ದೆ ತಲೆಯೊಂದು ಎದ್ದು, ಅಜ್ಜಿಯ ಪಾದದ ಮೇಲೆ ಹಾಯ್ದು, ಹಳದಿ ಪಟ್ಟಿಯ ಕೆಳಗೆ ನುಸುಳಿ ಹೋಯಿತು. "ಇದಕ್ಕೇನೋ ಇಷ್ಟು ಸೌದೆ?" ಎಂದಳು ಅಜ್ಜಿ. ಆದರೆ ಅದು ಬೇಲಿ ದಾಟಿ ಹಾರುವ ತನಕ ಬಾಗಿಲಲ್ಲಿ ನಿಂತು ನೋಡಿದಳು.

ಪಟ್ಟಿ ಬಿಚ್ಚುತ್ತಾರೆ ಎಂದುಕೊಂಡಿದ್ದೆವು. ಅಷ್ಟರಲ್ಲಿ ಬೆಚ್ಚನೆಯ ಮರಳಿನ ಸುದ್ದಿ ಹಕ್ಕಿಗಳಲ್ಲಿ ಹರಡಿತ್ತು. ದ್ವೀಪದಲ್ಲಿ ಹುಲ್ಲಿಲ್ಲದ ಬೆಚ್ಚನೆಯ ಮರಳು ಅದೊಂದೇ ಅಲ್ಲವೇ? ಎರಡನೆಯದು ಬಂತು, ಐದನೆಯದು ಬಂತು. ಇಂದಿಗೆ ಹನ್ನೊಂದು. ನಿಮ್ಮ ವಾರ್ಷಿಕ ವರದಿಯಲ್ಲಿ ನಮ್ಮ ಅಡುಗೆಮನೆಯ ಬಣ್ಣದ ಚಿತ್ರವಿದೆ: 'ಜನರ ಸಹಭಾಗಿತ್ವದ ಮಾದರಿ ಮರಿಕೇಂದ್ರ.' ಆ ಜನರು ಚಿತ್ರದಲ್ಲಿಲ್ಲ, ಏಕೆಂದರೆ ಚಿತ್ರ ತೆಗೆಯುವಾಗ ಅವರನ್ನು ಹತ್ತು ಮೀಟರ್ ಆಚೆ ನಿಲ್ಲಿಸಿದ್ದಿರಿ. ಹಡಗಿನಲ್ಲಿ ಬಂದವರು ಕ್ಯಾಮೆರಾ ಹಿಡಿದು ಓಲೆಗೋಡೆಯ ಸಂದಿನಿಂದ ಒಳಗೆ ಇಣುಕುತ್ತಾರೆ. ಒಬ್ಬರು ಬೆಂಕಿ ಹಚ್ಚುತ್ತಿದ್ದ ಅಜ್ಜಿಯನ್ನು ಕಂಡು, ಆ ಮುದುಕಿ ಹಕ್ಕಿಗಳ ಜಾಗದಲ್ಲಿ ಏನು ಮಾಡುತ್ತಿದ್ದಾಳೆ ಎಂದು ದೂರು ಕೊಟ್ಟರು.

ಆ ದೂರಿಗೆ ನೀವು ಕೊಟ್ಟ ಪರಿಹಾರವೇ ಈ ವಶಪಡಿಸುವ ಆದೇಶ. ಅಜ್ಜಿ ಮನೆ ಬಿಟ್ಟ ಮೇಲೆ ಒಲೆ ಯಾರು ಉರಿಸುತ್ತಾರೆ? ಅದನ್ನೂ ಯೋಚಿಸಿದ್ದೀರಿ, ಮೆಚ್ಚಲೇಬೇಕು. 'ಶಾಖ ಸಹಾಯಕ' ಎಂಬ ಒಂದು ತಾತ್ಕಾಲಿಕ ಹುದ್ದೆ ಸೃಷ್ಟಿಸಿದ್ದೀರಿ. ಕನಿಷ್ಠ ವಿದ್ಯಾರ್ಹತೆ, ಹತ್ತನೇ ತರಗತಿ ಪಾಸು. ಐವತ್ತು ವರ್ಷ ಅದೇ ಒಲೆ ಊದಿದ ಅಜ್ಜಿ ಶಾಲೆಯ ಮುಖ ನೋಡಿಲ್ಲ. ನಾನು ಒಂಬತ್ತರಲ್ಲಿ ಕಿಟಕಿ ಹಾರಿದವನು. ನಮ್ಮ ಒಲೆಗೆ ಸೌದೆ ಒಡ್ಡುವ ಅರ್ಹತೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಇದನ್ನು ಓದಿ ಹೇಳಿದ ಮೇಲೂ ಅಜ್ಜಿ ಎರಡು ದಿನ ಎಂದಿನಂತೆ ಒಲೆ ಉರಿಸಿದಳು. ಮೂರನೇ ದಿನ ಪೊರಕೆ ಎತ್ತಿಕೊಂಡಳು.

ಮುಂದಿನದನ್ನು ತಪ್ಪೊಪ್ಪಿಗೆ ಎನ್ನಿ, ವರದಿ ಎನ್ನಿ. ನಿಮ್ಮ ಫಲಕ ಕೇಳುವಂತೆ ತಿಳಿಸುತ್ತಿದ್ದೇನೆ. ಕಳೆದ ಸೋಮವಾರ ಮತ್ತು ಮಂಗಳವಾರ ಅಜ್ಜಿಯೂ ನಾನೂ ನಿಮ್ಮ ಹಗ್ಗದ ಕೆಳಗೆ ನುಸುಳಿ ಹೊಲದಲ್ಲಿ ಅಜ್ಜಿಯ ತುಂಡನ್ನು ಮಾತ್ರ ಹುಲ್ಲು ಕಿತ್ತು, ಬೇರು ತೆಗೆದು, ಗುಡಿಸಿ, ಮರಳು ಸಡಿಲ ಮಾಡಿದೆವು. ಅಕ್ಕಪಕ್ಕದ ತುಂಡುಗಳನ್ನು ಮುಟ್ಟಲಿಲ್ಲ, ಅವು ನಮ್ಮವಲ್ಲ. ಗುರುವಾರ ಬೆಳಿಗ್ಗೆ ಹೋದಾಗ ಗುಡಿಸಿದ ಮರಳಿನಲ್ಲಿ ಮೂರು ಕಡೆ ಹೊಸದಾಗಿ ಕೆದರಿದ ಗುರುತು. ಎರಡು ವರ್ಷದಲ್ಲಿ ಮೊದಲ ಸಲ. ನಿಮ್ಮ ಸಂರಕ್ಷಿತ ಪ್ರದೇಶದೊಳಗೆ ನಿಮ್ಮ ಸಂರಕ್ಷಿತ ಹಕ್ಕಿ ಬಂದಿತ್ತು, ಮಾನ್ಯರೇ.

ನಾನು ಎರಡು ಗುರುತಿಗೆ ಚುಚ್ಚಲು ಎಲೆ ತರಲು ಹೋದೆ. ಅಜ್ಜಿಗೆ ತಾಳ್ಮೆ ಇಲ್ಲ. ನಾನು ತಿರುಗಿ ಬರುವಷ್ಟರಲ್ಲಿ ಮೂರನೆಯದನ್ನು ತೋಡುತ್ತಾ ಸೊಂಟದ ತನಕ ಒಳಗಿದ್ದಳು, ಕಾಲು ಹಿಡಿಯಲು ಯಾರೂ ಇಲ್ಲದೆ. ಅದೇ ಹೊತ್ತಿಗೆ ದೂರದಿಂದ ಸೀಟಿ ಊದುತ್ತಾ ಕಾವಲುಗಾರರು ಓಡಿ ಬಂದರು. ಅವರು ಅಜ್ಜಿಯ ಹತ್ತಿರ ತಲುಪುವುದಕ್ಕೂ ಗುಂಡಿಯ ಅಂಚು ಜರಿಯುವುದಕ್ಕೂ ಸರಿಹೋಯಿತು. ನಿಮ್ಮ ನಿಯಮದ ಪ್ರಕಾರ ಅವರು ದಂಡದ ಚೀಟಿ ಹರಿಯಬೇಕಿತ್ತು. ಅವರು ಚೀಟಿಪುಸ್ತಕ ಎಸೆದು, ಮರಳಲ್ಲಿ ಕೂತು, ತಾಯಿಯ ಎರಡೂ ಕಣಕಾಲು ಹಿಡಿದು ಎಳೆದರು. ಅಜ್ಜಿ ಮೂಗು ಬಾಯಿ ತುಂಬ ಮರಳಾಗಿ, ಮೊಟ್ಟೆಯನ್ನು ಎದೆಗೆ ಒತ್ತಿಕೊಂಡು ಮೇಲೆ ಬಂದಳು. ಉಗಿದು, ಕೆಮ್ಮಿ, ತಿರುಗಿ ನೋಡದೆಯೇ, "ಎಡಗಾಲು ಜೋರು ಹಿಡಿದೆ. ನೀನೇ ಅಂತ ಗೊತ್ತಾಯ್ತು" ಎಂದಳು.

ಮಾವ ಬಹಳ ಹೊತ್ತು ಕಾಲು ಬಿಡಲಿಲ್ಲ. ಆಮೇಲೆ ಎದ್ದು, ಚೀಟಿಪುಸ್ತಕದ ಮರಳು ಕೊಡವಿ, "ಏನಾದರೂ ಒಂದು ಜಪ್ತಿ ಮಾಡಬೇಕು ಅವ್ವಾ, ಇಲ್ಲಾಂದ್ರೆ ನನ್ನ ಕೆಲಸ ಹೋಗ್ತದೆ" ಎಂದರು. ಅಜ್ಜಿ ಮೊಟ್ಟೆ ಕೊಡಲಿಲ್ಲ. ಪೊರಕೆ ಕೊಟ್ಟಳು. ಅದು ಈಗ ನಿಮ್ಮ ಕಾವಲುಮನೆಯಲ್ಲಿ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ನಿಂತಿದೆ: 'ಅಪರಾಧಕ್ಕೆ ಬಳಸಿದ ಸಾಧನ.'

ನನ್ನ ಬೇಡಿಕೆ ಹೆಚ್ಚಿನದಲ್ಲ. ಉಣ್ಣೆ ಬೇಡ, ಹುದ್ದೆ ಬೇಡ, ಇನ್ನೊಂದು ಕ್ಯಾಲೆಂಡರು ಖಂಡಿತ ಬೇಡ. ಹಡಗು ಹೊರಡುವ ಮುಂಚೆ ಆ ಆದೇಶ ರದ್ದು ಮಾಡಿ. ನೀವೇ ಒಮ್ಮೆ ಬಂದು ಗುಡಿಸಿದ ತುಂಡನ್ನೂ ಗುಡಿಸದ ತುಂಡುಗಳನ್ನೂ ಪಕ್ಕಪಕ್ಕ ನಿಂತು ನೋಡಿ. ಹಗ್ಗ ನಿಮಗೆ ಅಷ್ಟು ಪ್ರೀತಿಯಾದರೆ ಇರಲಿ. ಅದನ್ನು ದಾಟಿ ಗುಡಿಸುವ, ತೋಡುವ ಹಕ್ಕನ್ನು ಹೊಲದಲ್ಲಿ ತುಂಡು ಇರುವ ಮನೆಯವರಿಗೆ ಬರೆದುಕೊಡಿ. ಮೂರಕ್ಕೆ ಒಂದು ಬಿಡುತ್ತಿದ್ದೆವು, ಇನ್ನು ಮೂರಕ್ಕೆ ಎರಡು ಬಿಡುತ್ತೇವೆ. ಎಲೆ ಕಿತ್ತವರ ಹೆಸರು ಈ ಸಲ ನೀವು ಕೇಳದಿದ್ದರೂ ಹೇಳುತ್ತೇನೆ. ಹೊಲ ಗುಡಿಸಿಟ್ಟಿದ್ದರೆ ಹಕ್ಕಿಗಳು ನಮ್ಮ ಅಡುಗೆಮನೆಯನ್ನು ತಾವೇ ಬಿಟ್ಟು ಹೋಗುತ್ತವೆ, ಅವಕ್ಕೆ ಆದೇಶ ಬೇಕಾಗುವುದಿಲ್ಲ. ಎಲ್ಲಕ್ಕಿಂತ ಮೊದಲು ಅಜ್ಜಿಯ ಪೊರಕೆ ವಾಪಸು ಕೊಡಿ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಅಜ್ಜಿ ಓದಿಸಿ ಕೇಳಿ, "ಚೆನ್ನಾಗಿದೆ. ಹೊಲದಲ್ಲಿ ಎರಡೇ ಇತ್ತು ಅಂತ ಬರಿ, ಮೂರು ಅನ್ನಬೇಡ" ಎಂದಳು. ಮೂರಿತ್ತು. ಎರಡು ಎಲೆ ಚುಚ್ಚಿಸಿಕೊಂಡು ಮರಳಲ್ಲೇ ಇವೆ, ಬಂದು ಎಣಿಸಿಕೊಳ್ಳಿ. ಮೂರನೆಯದನ್ನು ಗುರುವಾರ ಮಧ್ಯಾಹ್ನ ನಿಮ್ಮ ಒಳವಲಯದಲ್ಲೇ, ಶಾಖ ಸಂರಕ್ಷಣೆಯ ಹೊತ್ತಿನಲ್ಲಿ, ಮರಗೆಣಸಿನ ಜೊತೆ ಬೇಯಿಸಿ ಮೂರು ಪಾಲು ಮಾಡಿ ತಿಂದೆವು. ಒಂದು ಪಾಲು ಅಜ್ಜಿಗೆ, ಒಂದು ನನಗೆ. ಮೂರನೆಯ ಪಾಲಿನವರು ತಿನ್ನುವ ಮೊದಲು ತಮ್ಮ ಸರ್ಕಾರಿ ಟೋಪಿಯನ್ನು ತೆಗೆದು ಹತ್ತು ಮೀಟರ್ ಆಚೆ ಇಟ್ಟು ಬಂದಿದ್ದರು. ಅವರ ಹೆಸರು ನಾನು ಬರೆಯುವುದಿಲ್ಲ.

ಇಂತಿ,
ವಹಿಯಲ್ಲಿ ಗೆಣಸು ಬರೆದವನು, ಇದನ್ನೂ ಬರೆಯದೆ ಇರಲಾರದವನು,
ಜೋತಾಮ್ ಸಲುವಾ
(ಒಂಬತ್ತನೇ ತರಗತಿ, ಕಿಟಕಿಯ ತನಕ)
ಕೆರುಮಾ ದ್ವೀಪ, ಸೊಲೊಮನ್ ದ್ವೀಪಗಳು